ಮನೆಯ ದಾಖಲೆಗಳ ಉಗ್ರಾಣ

ನಮ್ಮ ರಾಯಚೂರು ಸೀಮೆಯ ಹಳೆಯ ದೊಡ್ಡ ಮನೆಗಳಲ್ಲಿ ಹಗೇವು ಎಂಬದೊಂದು ಇರುತ್ತಿತ್ತು. ನೆಲವನ್ನು ಆಳವಾಗಿ ಅಗೆದು, ಒಳಗೆ ಹುಲ್ಲು ಹಾಸಿ, ವರ್ಷದ ಜೋಳವನ್ನು ತುಂಬಿ, ಬಾಯಿಯನ್ನು ಮಣ್ಣಿನಿಂದ ಮುಚ್ಚುತ್ತಿದ್ದರು. ಆದರೆ ವಿವೇಕಿಯಾದ ಒಕ್ಕಲಿಗನು ಬಿತ್ತನೆಯ ಬೀಜವನ್ನು ಅದರಲ್ಲಿ ಹಾಕದೆ, ಬೂದಿ ಬೆರೆಸಿ ಬೇರೆ ಗಡಿಗೆಯಲ್ಲಿ ಇಡುತ್ತಿದ್ದನು. ಹಗೇವಿಗೆ ನೀರು ಇಳಿದರೂ ಮುಂದಿನ ವರ್ಷದ ಬಿತ್ತನೆಗೆ ಕೇಡಾಗಬಾರದೆಂಬದೇ ಅವನ ಲೆಕ್ಕವು.

ಈಗ ನಮ್ಮ ಮನೆಗಳಲ್ಲಿ ಕೂಡುತ್ತಿರುವ ಧಾನ್ಯವು ಬೇರೆ ಬಗೆಯದು. ಮಕ್ಕಳ ಭಾವಚಿತ್ರಗಳು, ಮದುವೆಯ ವೀಡಿಯೋಗಳು, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಪಹಣಿ, ಅಜ್ಜನ ಕಾಲದ ಕಾಗದಗಳ ಪ್ರತಿ, ಇವೆಲ್ಲ ಫೋನಿನಲ್ಲಿಯೂ ಹಳೆಯ ಕಂಪ್ಯೂಟರಿನಲ್ಲಿಯೂ ಚದುರಿ ಬಿದ್ದಿರುತ್ತವೆ. ಇಂಟರ್ನೆಟ್ಟಿನಲ್ಲಿ ಇಟ್ಟರೆ ಸಾಕೆಂದು ಕೆಲವರು ನೆಚ್ಚಿದ್ದಾರೆ. ಆದರೆ ಎಷ್ಟೋ ಜನರು ಚಿತ್ರಗಳನ್ನು ಕೂಡಿಸಿಟ್ಟಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿಹೋಯಿತು. ಗೂಗಲ್ ಫೋಟೋಸ್ 2021ರ ಜೂನ್ 1ರಿಂದ ಮಿತಿಯಿಲ್ಲದ ಉಚಿತ ಸ್ಥಳವನ್ನು ನಿಲ್ಲಿಸಿ, ಹೊಸ ಚಿತ್ರಗಳನ್ನೆಲ್ಲ 15 ಜಿಬಿಯ ಎಣಿಕೆಗೆ ಸೇರಿಸಿತು. ಪರರ ಕಣಜದಲ್ಲಿ ಇಟ್ಟ ಕಾಳಿಗೆ ಪರರದೇ ಕಟ್ಟಳೆಯಲ್ಲವೇ?

ಈ ಕಾಗದಗಳು ನೆನಪಿಗಾಗಿ ಮಾತ್ರ ಬೇಕಾದವುಗಳೂ ಅಲ್ಲ. ಸಂವಿಧಾನದ 371(ಜೆ) ಅನುಚ್ಛೇದವು 2013ರಲ್ಲಿ ಜಾರಿಗೆ ಬಂದಂದಿನಿಂದ, ಈಗ ಕಲ್ಯಾಣ ಕರ್ನಾಟಕವೆಂದು ಕರೆಯಲ್ಪಡುವ ನಮ್ಮ ಭಾಗದ ಮಕ್ಕಳಿಗೆ ವಿದ್ಯಾಸಂಸ್ಥೆಗಳಲ್ಲಿಯೂ ಸರಕಾರದ ಕೆಲಸಗಳಲ್ಲಿಯೂ ಮೀಸಲಾತಿ ಉಂಟು. ಆ ಹಕ್ಕನ್ನು ಪಡೆಯಲು ಹುಟ್ಟಿನ ಅಥವಾ ವಾಸದ ಆಧಾರವನ್ನು ತೋರಿಸತಕ್ಕದ್ದು. ತಂದೆಯ ಶಾಲೆಯ ದಾಖಲೆ ಸಿಕ್ಕದೆ ಕಚೇರಿಯಿಂದ ಕಚೇರಿಗೆ ಅಲೆಯುವ ಪಾಲಕರನ್ನು ನಾನು ಪ್ರತಿ ವರ್ಷ ಕಾಣುತ್ತಿರುವೆನು. ಇನ್ನು, 1948ಕ್ಕೆ ಮೊದಲು ಈ ಜಿಲ್ಲೆಯು ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದಾಗಿನ ಉರ್ದು ಕಾಗದಗಳು ಅನೇಕ ಮನೆಗಳ ಟ್ರಂಕುಗಳಲ್ಲಿ ಪುಡಿಯಾಗುತ್ತಿವೆ. ಮನೆಯಲ್ಲಿ ತೆಗೆದಿಟ್ಟ ಪ್ರತಿಯು ಮೂಲಪತ್ರಕ್ಕೆ ಸಮಾನವಲ್ಲವೆಂಬದು ನಿಜ. ಆದರೆ ಸಂಖ್ಯೆಯೂ ತಾರೀಖೂ ಕೈಯಲ್ಲಿದ್ದರೆ ನಕಲಿಗೆ ಅರ್ಜಿ ಹಾಕುವದು ಎಷ್ಟೋ ಸುಲಭವು.

ಆದಕಾರಣ ಮನೆಯೊಳಗೇ ಇಂಥವುಗಳಿಗೊಂದು ಉಗ್ರಾಣವನ್ನು ಹೇಗೆ ಕಟ್ಟಬೇಕು, ಅದು ಕೆಟ್ಟಾಗ ಏನು ಮಾಡಬೇಕು ಎಂಬದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪಾಲಕರಿಗೂ ತಿಳಿಯ ಹೇಳಬೇಕೆಂದಿರುವೆನು.

ಇದು ಏನು?

ಅಂಗಡಿಯವರು ಇದನ್ನು ನಾಸ್ ಎನ್ನುತ್ತಾರೆ. ನೆಟ್‌ವರ್ಕ್ ಅಟ್ಯಾಚ್ಡ್ ಸ್ಟೋರೇಜ್ ಎಂಬ ಇಂಗ್ಲಿಷ್ ಮಾತುಗಳ ಮೊದಲಕ್ಷರಗಳಿವು. ಒಂದು ಚಿಕ್ಕ ಪೆಟ್ಟಿಗೆ, ಅದರೊಳಗೆ ಒಂದೆರಡು ಹಾರ್ಡ್ ಡಿಸ್ಕುಗಳು, ಅವುಗಳನ್ನು ಆಳುವ ಚಿಕ್ಕ ಕಂಪ್ಯೂಟರು, ಇಷ್ಟೇ. ಪೆಟ್ಟಿಗೆಯನ್ನು ಮನೆಯ ರೂಟರಿಗೆ ಕೇಬಲ್ಲಿನಿಂದ ಕೂಡಿಸಿದರೆ, ಮನೆಯ ಫೋನುಗಳೂ ಕಂಪ್ಯೂಟರುಗಳೂ ಅದರಲ್ಲಿ ಇಡಬಹುದು, ಅದರಿಂದ ತೆಗೆಯಬಹುದು. ಇಂಟರ್ನೆಟ್ ನಿಂತುಹೋದ ದಿನವೂ ಮನೆಯೊಳಗೆ ಇದು ನಡೆಯುತ್ತದೆ.

ಸ್ಥಳವೆಷ್ಟು ಬೇಕೆಂದು ಕೇಳುವಿರಾ? ಒಂದು ಭಾವಚಿತ್ರಕ್ಕೆ 4 ಎಂಬಿ ಎಂದು ಹಿಡಿದರೆ, 1 ಟಿಬಿಯ ಡಿಸ್ಕಿನಲ್ಲಿ ಎರಡೂವರೆ ಲಕ್ಷ ಚಿತ್ರಗಳು ಹಿಡಿಯುತ್ತವೆ. 1956ರಲ್ಲಿ ಐಬಿಎಂ ಕಂಪನಿಯವರು ಮಾಡಿದ ಮೊಟ್ಟಮೊದಲನೆಯ ಡಿಸ್ಕ್ ಯಂತ್ರದಲ್ಲಿ 50 ತಟ್ಟೆಗಳಿದ್ದು, ಅದು ಒಂದು ಟನ್ನಿಗಿಂತ ಹೆಚ್ಚು ತೂಗುತ್ತಿದ್ದರೂ, ಅದರಲ್ಲಿ ಹಿಡಿಯುತ್ತಿದ್ದದ್ದು ಇಂದಿನ ಒಂದು ಭಾವಚಿತ್ರದಷ್ಟು ಮಾತ್ರ! ಕೊಂಡ 1 ಟಿಬಿ ಡಿಸ್ಕು ಕಂಪ್ಯೂಟರಿನಲ್ಲಿ 931 ಜಿಬಿ ಎಂದು ತೋರಿದರೆ ಅಂಗಡಿಯವನು ಮೋಸಮಾಡಿದನೆಂದು ತಿಳಿಯಬೇಡಿರಿ. ಕಾರಖಾನೆಯವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ.

ಸಿದ್ಧ ಪೆಟ್ಟಿಗೆಯನ್ನು ಕೊಳ್ಳಲು ಹಣವಿಲ್ಲದವರು ಮೂಲೆಯಲ್ಲಿ ಬಿದ್ದಿರುವ ಹಳೆಯ ಕಂಪ್ಯೂಟರಿನಲ್ಲಿ ಓಪನ್‌ಮೀಡಿಯಾವಾಲ್ಟ್ ಎಂಬ ಉಚಿತ ತಂತ್ರಾಂಶವನ್ನು ಹಾಕಿ ಅದನ್ನೇ ಉಗ್ರಾಣವನ್ನಾಗಿ ಮಾಡಬಹುದು. ಆದರೆ ಡಿಸ್ಕುಗಳನ್ನು ಮಾತ್ರ ಹೊಸವಾಗಿ ಕೊಳ್ಳತಕ್ಕದ್ದು. ಕೊಳ್ಳುವಾಗ ಸಿಎಂಆರ್ ಬಗೆಯದನ್ನೇ ಕೇಳಿರಿ. ಎಸ್‌ಎಂಆರ್ ಎಂಬ ಇನ್ನೊಂದು ಬಗೆಯಲ್ಲಿ ಬರಹದ ಗೆರೆಗಳು ಮನೆಯ ಹಂಚುಗಳಂತೆ ಒಂದರ ಮೇಲೊಂದು ಏರಿಕೊಂಡಿರುವದರಿಂದ, ಒಂದನ್ನು ತಿದ್ದಲು ಪಕ್ಕದ ಹಲವನ್ನು ಮತ್ತೆ ಬರೆಯಬೇಕಾಗುತ್ತದೆ. ಜೋಡಿ ಡಿಸ್ಕುಗಳ ಕೆಲಸಕ್ಕೆ ಅದು ತಕ್ಕದ್ದಲ್ಲ.

ಸ್ಥಾಪನೆಯ ಕ್ರಮ

ಮೊದಲನೆಯದು, ಸ್ಥಳ. ನಮ್ಮ ಊರುಗಳ ಬೇಸಿಗೆಯನ್ನು ನಾನು ವರ್ಣಿಸಬೇಕಾಗಿಲ್ಲ. ಕೋಣೆಯೇ 40 ಡಿಗ್ರಿಗೆ ಏರಿದಾಗ ಡಿಸ್ಕು ಸಹಜವಾಗಿ 50ನ್ನು ಮುಟ್ಟುತ್ತದೆ. ಅನೇಕ ಡಿಸ್ಕುಗಳಿಗೆ 60 ಡಿಗ್ರಿಯೇ ಮೇರೆಯು. 45ರ ಒಳಗಿದ್ದರೆ ಉತ್ತಮವು. ಆದುದರಿಂದ ತಗಡಿನ ಛಾವಣಿಯ ಕೋಣೆ, ಅಡಿಗೆಮನೆ, ಮುಚ್ಚಿದ ಅಲಮಾರು, ಇವು ಕೂಡದು. ಗಾಳಿಯಾಡುವ, ನೆಲದಿಂದ ಎತ್ತರವಾದ, ಕಲ್ಲಿನ ಗೋಡೆಯ ಕೋಣೆಯು ಒಳ್ಳೆಯದು. ಹಿಂದಣ ಪಂಖದ ಧೂಳನ್ನು ತಿಂಗಳಿಗೊಮ್ಮೆ ಕುಂಚದಿಂದ ತೆಗೆಯಬೇಕು. ಏಪ್ರಿಲ್ ಮೇ ತಿಂಗಳುಗಳಲ್ಲಿ ದೊಡ್ಡ ನಕಲಿನ ಕೆಲಸವನ್ನು ಬೆಳಗಿನ ಜಾವಕ್ಕೆ ಇಟ್ಟುಕೊಳ್ಳಿರಿ.

ಎರಡನೆಯದು, ವಿದ್ಯುತ್ತು. ಶಕ್ತಿನಗರದ ವಿದ್ಯುತ್ ಸ್ಥಾವರವು ನಮ್ಮ ಜಿಲ್ಲೆಯಲ್ಲಿಯೇ ಇದ್ದರೂ ದೀಪ ಹೋಗುವದು ನಮಗೆ ಹೊಸತಲ್ಲ. ಬರೆಯುತ್ತಿರುವಾಗ ವಿದ್ಯುತ್ತು ನಿಂತರೆ ಬರಹವು ಅರ್ಧಕ್ಕೆ ಉಳಿದು ಕಡತವು ಕೆಡುತ್ತದೆ. ಪೆಟ್ಟಿಗೆಗೆ ಒಂದು ಚಿಕ್ಕ ಯುಪಿಎಸ್ ಇರಲೇಬೇಕು. ಅದರ ಯುಎಸ್‌ಬಿ ದಾರವನ್ನು ಪೆಟ್ಟಿಗೆಗೆ ಕೂಡಿಸಿ, ಬ್ಯಾಟರಿ ಮುಗಿಯುವ ಮೊದಲೇ ತಾನಾಗಿ ಆರುವಂತೆ ಏರ್ಪಡಿಸಿರಿ. ಮನೆಯ ಇನ್ವರ್ಟರಿಗೆ ಕೂಡಿಸುವವರು ಅದನ್ನು ಯುಪಿಎಸ್ ಎಂಬ ಗುರುತಿಗೆ ತಿರುಗಿಸಿಡತಕ್ಕದ್ದು. ಇಲ್ಲವಾದರೆ ದೀಪ ಬದಲಾಗುವ ಕ್ಷಣದಲ್ಲಿ ಪೆಟ್ಟಿಗೆಯು ಆರಿಹೋಗಬಹುದು.

ಮೂರನೆಯದು, ಡಿಸ್ಕುಗಳ ಸಿದ್ಧತೆ. ಕಂಪ್ಯೂಟರಿನ ಬ್ರೌಸರಿನಲ್ಲಿ ಪೆಟ್ಟಿಗೆಯ ಪುಟವನ್ನು ತೆರೆದರೆ, ಡಿಸ್ಕುಗಳನ್ನು ಸಿದ್ಧಗೊಳಿಸಲೇ ಎಂದು ಅದು ಕೇಳುತ್ತದೆ. ಹೌದೆಂದರೆ ಅವುಗಳಲ್ಲಿ ಮೊದಲಿದ್ದದ್ದೆಲ್ಲ ಅಳಿಯುತ್ತದೆ. ಚಿತ್ರಗಳು ತುಂಬಿದ ಹಳೆಯ ಡಿಸ್ಕನ್ನು ಎಂದಿಗೂ ಹೀಗೆ ಹಾಕಬೇಡಿರಿ. ಎರಡು ಡಿಸ್ಕುಗಳಿದ್ದರೆ ರೇಡ್ 1 ಎಂಬದನ್ನು ಆರಿಸಿರಿ. ಆಗ ಒಂದರಲ್ಲಿ ಬರೆದದ್ದು ಕನ್ನಡಿಯಂತೆ ಇನ್ನೊಂದರಲ್ಲಿಯೂ ಬರೆಯಲ್ಪಡುತ್ತದೆ. 4 ಟಿಬಿಯ ಎರಡು ಡಿಸ್ಕುಗಳಿಂದ ಸಿಕ್ಕುವದು 4 ಟಿಬಿಯ ಸ್ಥಳವೇ. ಆದರೆ ಒಂದು ಸತ್ತರೂ ಇನ್ನೊಂದು ಕೆಲಸ ನಡಿಸುತ್ತದೆ.

ನಾಲ್ಕನೆಯದು, ಹೆಸರು ಮತ್ತು ಗುಪ್ತಪದ. ಕಾರಖಾನೆಯಿಂದ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಾಯಿಸಿರಿ. ಮನೆಯ ಪ್ರತಿಯೊಬ್ಬರಿಗೂ ಬೇರೆ ಹೆಸರು ಕೊಡಿರಿ. ಚಿತ್ರಗಳನ್ನು ಎಲ್ಲರೂ ನೋಡಲಿ. ದಾಖಲೆಗಳ ಕಪಾಟಿನಲ್ಲಿ ಬರೆಯುವ ಅಳಿಸುವ ಅಧಿಕಾರವು ಇಬ್ಬರಿಗೆ ಮಾತ್ರ ಇರಲಿ. ಸ್ನ್ಯಾಪ್‌ಶಾಟ್ ಎಂಬ ಅನುಕೂಲತೆ ಇದ್ದರೆ ತೆರೆದಿಡಿರಿ. ತಪ್ಪಿ ಅಳಿಸಿದ್ದನ್ನು ನಿನ್ನೆಯ ಸ್ಥಿತಿಗೆ ತರಲು ಅದು ನೆರವಾಗುತ್ತದೆ.

ಐದನೆಯದು, ವಿಳಾಸ. ಮನೆಯೊಳಗಿನ ಯಂತ್ರಗಳಿಗೆಲ್ಲ ರೂಟರು 192.168 ಎಂದು ಮೊದಲಾಗುವ ಒಂದೊಂದು ಸಂಖ್ಯೆಯನ್ನು ಹಂಚುತ್ತದೆ. ಇದು ಕೆಲವೊಮ್ಮೆ ಬದಲಾಗುತ್ತದೆ. ತರಗತಿಯಲ್ಲಿ ದಿನವೂ ಜಾಗ ಬದಲಿಸುವ ಹುಡುಗಿಯನ್ನು ಹುಡುಕುವದು ಹೇಗೆ ಕಷ್ಟವೋ ಹಾಗೆಯೇ ಇದೂ. ರೂಟರಿನ ಪುಟದಲ್ಲಿ ಪೆಟ್ಟಿಗೆಗೆ ಒಂದು ಸಂಖ್ಯೆಯನ್ನು ಕಾದಿರಿಸಿಬಿಡಿರಿ.

ಆರನೆಯದು, ಬೀದಿಯ ಬಾಗಿಲು. ಬೆಂಗಳೂರಿನಲ್ಲಿಯೋ ಹೊರದೇಶದಲ್ಲಿಯೋ ಇರುವ ಮಕ್ಕಳಿಗೆ ಕಾಣಲೆಂದು ಪೆಟ್ಟಿಗೆಯನ್ನು ನೇರವಾಗಿ ಇಂಟರ್ನೆಟ್ಟಿಗೆ ತೆರೆದಿಡಕೂಡದು. 2021ರಲ್ಲಿ ಕ್ಯೂಲಾಕರ್, 2022ರಲ್ಲಿ ಡೆಡ್‌ಬೋಲ್ಟ್ ಎಂಬ ದುಷ್ಟ ತಂತ್ರಾಂಶಗಳು ಹೀಗೆ ತೆರೆದಿಟ್ಟ ಮನೆಮನೆಯ ಪೆಟ್ಟಿಗೆಗಳನ್ನು ಹೊಕ್ಕು, ಕಡತಗಳಿಗೆ ಬೀಗ ಹಾಕಿ, ಬೀಗದ ಕೈಗೆ ಹಣ ಕೇಳಿದವು. ದೂರದಿಂದ ನೋಡಲೇಬೇಕಾದವರು ವಿಪಿಎನ್ ಎಂಬ ಗುಪ್ತಮಾರ್ಗವನ್ನು ಉಪಯೋಗಿಸತಕ್ಕದ್ದು.

ಕನ್ನಡಿಯು ಪ್ರತಿಯಲ್ಲ

ಇಷ್ಟು ಮಾಡಿದವರು, ಎರಡು ಡಿಸ್ಕುಗಳಿರುವದರಿಂದ ಇನ್ನು ಭಯವಿಲ್ಲವೆಂದು ನಿಶ್ಚಿಂತರಾಗುವದುಂಟು. ಎಲ್ಲಕ್ಕಿಂತ ದೊಡ್ಡ ಅಪಾಯವು ಇಲ್ಲಿಯೇ ಇದೆ. ಕನ್ನಡಿಯು ನಾವು ನಕ್ಕರೆ ನಗುತ್ತದೆ, ಮುಖಕ್ಕೆ ಮಸಿ ಹತ್ತಿದರೆ ಮಸಿಯನ್ನೇ ತೋರಿಸುತ್ತದೆ. ಒಂದು ಡಿಸ್ಕಿನಲ್ಲಿ ಅಳಿಸಿದ್ದು ಅದೇ ಕ್ಷಣದಲ್ಲಿ ಇನ್ನೊಂದರಲ್ಲಿಯೂ ಅಳಿಯುತ್ತದೆ. ಕಳ್ಳನು ಪೆಟ್ಟಿಗೆಯನ್ನು ಒಯ್ದರೆ ಎರಡನ್ನೂ ಒಯ್ಯುತ್ತಾನೆ.

ದೇವದುರ್ಗದಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳ ಮನೆಯಲ್ಲಿ ಹೀಗೆಯೇ ಆಯಿತು. ಅವಳ ತೀರಿಹೋದ ತಾಯಿಯ ಭಾವಚಿತ್ರಗಳೆಲ್ಲ ಒಂದು ಫೋಲ್ಡರಿನಲ್ಲಿದ್ದವು. ಆರು ವರ್ಷದ ಮಗನು ಆಟಗಳನ್ನು ಇಡಲು ಜಾಗ ಬೇಕೆಂದು ಅದನ್ನು ಅಳಿಸಿಬಿಟ್ಟನು. ಎರಡು ದಿನಗಳ ಮೇಲೆ ಮನೆಯವರಿಗೆ ತಿಳಿಯಿತು. ಆದರೆ ಅವಳು ಯುಗಾದಿಗೂ ದೀಪಾವಳಿಗೂ ಒಂದು ಬಿಡಿ ಡಿಸ್ಕಿನಲ್ಲಿ ಪ್ರತಿ ತೆಗೆದು ಮಾನ್ವಿಯ ಸೋದರಮಾವನ ಮನೆಯಲ್ಲಿ ಇಡುತ್ತಿದ್ದಳು. ಮಾವನು ಮರುದಿನದ ಬಸ್ಸಿಗೆ ಅದನ್ನು ತಂದುಕೊಟ್ಟನು. ಆಚೆಯ ಆರು ತಿಂಗಳಲ್ಲಿ ಸೇರಿಸಿದ ಕೆಲವು ಚಿತ್ರಗಳು ಹೋದವು; ತಾಯಿಯ ಮುಖವು ಉಳಿಯಿತು. ಉಳಿಸಿದ್ದು ಬೆಲೆಯುಳ್ಳ ಪೆಟ್ಟಿಗೆಯಲ್ಲ, ಮಾವನ ಅಲಮಾರಿನಲ್ಲಿದ್ದ ಸಾಧಾರಣ ಡಿಸ್ಕು.

ಬಲ್ಲವರು ಇದನ್ನು ಮೂರು, ಎರಡು, ಒಂದು ಎಂಬ ಸೂತ್ರವಾಗಿ ಹೇಳುತ್ತಾರೆ. ಪ್ರತಿಗಳು ಮೂರಿರಲಿ, ಅವು ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಪ್ರತಿಯು ಬೇರೆ ಸ್ಥಳದಲ್ಲಿರಲಿ. ನಮ್ಮದು ಕೃಷ್ಣಾ ತುಂಗಭದ್ರೆಗಳ ನಡುವಣ ಎಡೆದೊರೆ ನಾಡು. 2009ರ ಸೆಪ್ಟೆಂಬರ್ ಕಡೆಯಲ್ಲಿಯೂ ಅಕ್ಟೋಬರ್ ಮೊದಲಲ್ಲಿಯೂ ಬಂದ ಮಹಾಪೂರವು ಟ್ರಂಕು ಅಲಮಾರುಗಳೆಂದು ನೋಡಲಿಲ್ಲ. ಆದುದರಿಂದ ನದಿಯ ಸಮೀಪದ ಊರವರು ಬಿಡಿ ಡಿಸ್ಕನ್ನು ಎತ್ತರದ ಊರಿನ ನಂಟರಲ್ಲಿ ಇಡಲಿ. ಎರಡು ಮನೆಯವರು ಒಬ್ಬರದನ್ನೊಬ್ಬರು ಇಟ್ಟುಕೊಂಡರೆ ಖರ್ಚೂ ಇಲ್ಲ, ಉಪಕಾರದ ಭಾರವೂ ಇಲ್ಲ. ಡಿಸ್ಕಿಗೆ ಪಾಸ್‌ವರ್ಡಿನ ಬೀಗ ಹಾಕಿಟ್ಟರೆ ಸಂಕೋಚಕ್ಕೂ ಕಾರಣವಿಲ್ಲ.

ರಾಯಚೂರು ಕೋಟೆಯ ಗೋಡೆಯಲ್ಲಿರುವ 1294ರ ಶಾಸನವು ಇಂದಿಗೂ ಉಳಿದದ್ದು ಕಲ್ಲಿನ ಬಲದಿಂದ. ಮಾನ್ವಿಯ ಜಗನ್ನಾಥದಾಸರು 18ನೆಯ ಶತಮಾನದಲ್ಲಿ ರಚಿಸಿದ ಹರಿಕಥಾಮೃತಸಾರವು ಉಳಿದದ್ದಾದರೋ ಮನೆಮನೆಗಳಲ್ಲಿ ಬರೆದುಕೊಂಡ ಪ್ರತಿಗಳಿಂದಲೂ ಹಾಡುವವರ ನಾಲಿಗೆಯಿಂದಲೂ. ಕಲ್ಲಿನಲ್ಲಿ ಕೆತ್ತಿಸುವ ಶಕ್ತಿ ನಮಗಿಲ್ಲ; ಪ್ರತಿ ಮಾಡುವ ಶಕ್ತಿ ಎಲ್ಲರಿಗೂ ಉಂಟು.

ದೋಷಗಳೂ ಪರಿಹಾರಗಳೂ

ಪೆಟ್ಟಿಗೆಯು ಕಾಣಿಸದಿದ್ದಾಗ ಗಾಬರಿಯಿಂದ ಎಲ್ಲ ಗುಂಡಿಗಳನ್ನು ಒತ್ತಬಾರದು. ವೈದ್ಯನು ನಾಡಿಯಿಂದ ಮೊದಲು ಮಾಡುವಂತೆ ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಪರೀಕ್ಷಿಸಿರಿ.

ದೀಪವು ಉರಿಯುತ್ತಿದೆಯೇ? ಇಲ್ಲದಿದ್ದರೆ ಪ್ಲಗ್ಗು, ಯುಪಿಎಸ್, ಅಡಾಪ್ಟರುಗಳನ್ನು ನೋಡಿರಿ. ಕೇಬಲ್ಲು ಸೇರುವ ರಂಧ್ರದ ಹತ್ತಿರದ ಚಿಕ್ಕ ದೀಪವು ಮಿಣುಕುತ್ತಿದೆಯೇ? ಇಲ್ಲವಾದರೆ ಕೇಬಲ್ಲನ್ನು ಬದಲಿಸಿ ನೋಡಿರಿ. ಇಲಿ ಕಡಿದದ್ದೂ ಉಂಟು. ಎರಡೂ ಸರಿಯಿದ್ದರೆ ರೂಟರಿನ ಪಟ್ಟಿಯಲ್ಲಿ ಪೆಟ್ಟಿಗೆಯ ಸಂಖ್ಯೆಯನ್ನು ಹುಡುಕಿರಿ. ಸಂಖ್ಯೆ ಸಿಕ್ಕಿದರೆ, ವಿಂಡೋಸ್ ಕಂಪ್ಯೂಟರಿನ ಫೈಲ್ ಎಕ್ಸ್‌ಪ್ಲೋರರಿನ ವಿಳಾಸದ ಸಾಲಿನಲ್ಲಿ ಹಿಂದಕ್ಕೆ ಬಾಗಿದ ಎರಡು ಗೀಟುಗಳನ್ನು ಹಾಕಿ ಆ ಸಂಖ್ಯೆಯನ್ನು ಬರೆಯಿರಿ. ಹೆಸರಿನಿಂದ ಬಾರದ್ದು ಅನೇಕ ಸಾರೆ ಸಂಖ್ಯೆಯಿಂದ ಬರುತ್ತದೆ.

ಒಂದು ಯಂತ್ರಕ್ಕೆ ಕಂಡು ಇನ್ನೊಂದಕ್ಕೆ ಕಾಣದಿದ್ದರೆ ದೋಷವು ಪೆಟ್ಟಿಗೆಯದಲ್ಲ. ಫೋನು ಅತಿಥಿಗಳಿಗೆಂದು ಬಿಟ್ಟ ಬೇರೆ ವೈಫೈಯಲ್ಲಿದ್ದರೆ ಮನೆಯ ಯಂತ್ರಗಳು ಅದಕ್ಕೆ ಕಾಣುವದಿಲ್ಲ. ಕಂಪ್ಯೂಟರಿನಲ್ಲಿ ಮನೆಯ ನೆಟ್‌ವರ್ಕು ಪಬ್ಲಿಕ್ ಎಂದು ಗುರುತಾಗಿದ್ದರೆ ಪ್ರೈವೇಟ್ ಎಂದು ತಿದ್ದಿರಿ. ಬಹು ಹಳೆಯ ಪೆಟ್ಟಿಗೆಯು ಹೊಸ ವಿಂಡೋಸಿಗೆ ಕಾಣದಿರುವದಕ್ಕೆ ಬೇರೊಂದು ಕಾರಣವುಂಟು. ಎಸ್‌ಎಂಬಿ 1 ಎಂಬ ಹಳೆಯ ಸಂಭಾಷಣೆಯ ಕ್ರಮವು ಸುರಕ್ಷಿತವಲ್ಲವೆಂದು 2017ರ ಕೊನೆಯಿಂದ ಹೊಸ ವಿಂಡೋಸಿನಲ್ಲಿ ಅದನ್ನು ಕೈಬಿಡುತ್ತ ಬಂದಿದ್ದಾರೆ. ಅದೇ ವರ್ಷದ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಪಿಡುಗು ಅದರ ಮೂಲಕವೇ ಲೋಕವೆಲ್ಲ ಹಬ್ಬಿತ್ತು. ಆ ಹಳೆಯ ಬಾಗಿಲನ್ನು ಮತ್ತೆ ತೆರೆಯಬೇಡಿರಿ. ಪೆಟ್ಟಿಗೆಯ ತಂತ್ರಾಂಶವನ್ನೇ ಹೊಸದಾಗಿಸಿರಿ.

ನಿಧಾನವೆಂಬದು ಇನ್ನೊಂದು ದೂರು. ಕೇಬಲ್ಲಿನೊಳಗೆ ಎಂಟು ತಂತಿಗಳಿರುತ್ತವೆ. ಅವುಗಳಲ್ಲಿ ಒಂದು ಮುರಿದರೂ ಸಂಪರ್ಕವು ನಿಲ್ಲದೆ, ಹತ್ತನೆಯ ಒಂದು ಪಾಲಿನ ವೇಗಕ್ಕೆ ಇಳಿಯುವದುಂಟು. ಸರಿಯಾದ ಕೇಬಲ್ಲಿನಲ್ಲಿ 50 ಜಿಬಿ ಚಿತ್ರಗಳು ಏಳೆಂಟು ನಿಮಿಷಗಳಲ್ಲಿ ಹೋದರೆ, ಇದರಲ್ಲಿ ಒಂದು ತಾಸಿಗೂ ಮಿಕ್ಕಿ ಹಿಡಿಯುತ್ತದೆ. ವೈಫೈಯು ನಮ್ಮ ದಪ್ಪ ಕಲ್ಲುಗೋಡೆಗಳನ್ನು ದಾಟಲು ಬಳಲುತ್ತದೆ. ಮೊದಲ ಬಾರಿಯ ದೊಡ್ಡ ನಕಲನ್ನು ಕೇಬಲ್ಲಿನಿಂದಲೇ ಮಾಡಿರಿ.

ಡಿಸ್ಕು ಟಕ್ ಟಕ್ ಎಂದು ಶಬ್ದ ಮಾಡಿದರೆ, ಅಥವಾ ಪೆಟ್ಟಿಗೆಯ ಆರೋಗ್ಯಪತ್ರದಲ್ಲಿ ರೀಅಲೊಕೇಟೆಡ್ ಸೆಕ್ಟರ್ ಎಂಬ ಎಣಿಕೆಯು ವಾರದಿಂದ ವಾರಕ್ಕೆ ಏರುತ್ತಿದ್ದರೆ, ಅದರ ಆಯುಷ್ಯ ಮುಗಿಯಬಂತೆಂದು ತಿಳಿಯಿರಿ. ಮೊದಲು ಪ್ರತಿಯು ಸರಿಯಿದೆಯೇ ಎಂದು ನೋಡಿ ಆಮೇಲೆ ಡಿಸ್ಕನ್ನು ಬದಲಿಸಿರಿ. ಬದಲಿಸುವಾಗ ಕೆಟ್ಟದ್ದನ್ನು ಬಿಟ್ಟು ಒಳ್ಳೆಯದನ್ನು ಕಿತ್ತವರು ಎಲ್ಲವನ್ನೂ ಕಳಕೊಂಡಿದ್ದಾರೆ. ಆದುದರಿಂದ ಹಾಕುವ ದಿನವೇ ಪ್ರತಿ ಡಿಸ್ಕಿನ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಅದರ ಮುಂಭಾಗಕ್ಕೆ ಅಂಟಿಸಿರಿ. ಹೊಸದನ್ನು ಹಾಕಿದ ಮೇಲೆ 4 ಟಿಬಿಯ ಕನ್ನಡಿಯು ಮತ್ತೆ ಸಿದ್ಧವಾಗಲು ಏಳೆಂಟು ತಾಸಾದರೂ ಬೇಕು; ಆವರೆಗೆ ಉಳಿದೊಂದು ಡಿಸ್ಕಿನ ಮೇಲೆಯೇ ಸಕಲ ಭಾರವಿರುವದರಿಂದ ಬೇರೆ ಕೆಲಸ ಕೊಡಬೇಡಿರಿ. ಮಳೆಯಲ್ಲಿ ನೆನೆದ ಡಿಸ್ಕಿಗೆ ವಿದ್ಯುತ್ತು ಕೊಟ್ಟು ಪರೀಕ್ಷಿಸಲೇಕೂಡದು. ತಿಳಿದವರ ಕೈಗೆ ಒಪ್ಪಿಸಿರಿ.

ಬೀಗದ ಕೈ ಯಾರಲ್ಲಿ?

ಯಂತ್ರದ ದೋಷಗಳಿಗಿಂತ ಹೆಚ್ಚಾಗಿ ನಾನು ಕಂಡಿರುವದು ಮನುಷ್ಯರ ವ್ಯವಸ್ಥೆಯ ದೋಷವನ್ನು. ಮನೆಯ ಗಂಡಸರೊಬ್ಬರು ಪೆಟ್ಟಿಗೆಯನ್ನು ತಂದು ನಿಲ್ಲಿಸುತ್ತಾರೆ. ಪಾಸ್‌ವರ್ಡು ಅವರ ತಲೆಯಲ್ಲಿಯೇ ಇರುತ್ತದೆ. ಅವರು ವರ್ಗವಾಗಿ ಹೋದರೆ, ಹಾಸಿಗೆ ಹಿಡಿದರೆ, ಅಥವಾ ತೀರಿಕೊಂಡರೆ, ಹೆಂಡತಿ ಮಕ್ಕಳ ಪಾಲಿಗೆ ಅದು ದೀಪ ಉರಿಯುವ ಒಂದು ಡಬ್ಬಿ ಮಾತ್ರ. ವಿಮೆಯ ಕಾಗದವೂ ಪಿಂಚಣಿಯ ಆದೇಶವೂ ಅತ್ಯವಶ್ಯವಾಗುವದು ಆ ವಾರದಲ್ಲಿಯೇ ಅಲ್ಲವೇ?

ಆದಕಾರಣ ಒಂದು ಗಟ್ಟಿ ನೋಟುಬುಕ್ಕಿನಲ್ಲಿ ಶಾಯಿಯಿಂದ ಇವನ್ನು ಬರೆದಿಡಿರಿ: ಪೆಟ್ಟಿಗೆಯ ವಿಳಾಸದ ಸಂಖ್ಯೆ, ಡಿಸ್ಕುಗಳ ಸಂಖ್ಯೆ ಮತ್ತು ಕೊಂಡ ತಾರೀಖು, ಯಾವ ಫೋಲ್ಡರಿನಲ್ಲಿ ಏನಿದೆ, ಬಿಡಿ ಡಿಸ್ಕು ಯಾರ ಮನೆಯಲ್ಲಿದೆ, ಕಡೆಯ ಪ್ರತಿ ತೆಗೆದ ದಿನ. ಪಾಸ್‌ವರ್ಡುಗಳನ್ನು ಬೇರೆ ಹಾಳೆಯಲ್ಲಿ ಬರೆದು, ಲಕೋಟೆಯಲ್ಲಿ ಮುಚ್ಚಿ, ಮೂಲಪತ್ರಗಳ ಜೊತೆಗೆ ಇಡಿರಿ. ಮನೆಯಲ್ಲಿ ಇಬ್ಬರಾದರೂ, ಅವರಲ್ಲಿ ಒಬ್ಬ ಹೆಣ್ಣುಮಗಳಾದರೂ, ಈ ಕೆಲಸವನ್ನು ಕೈಯಾರೆ ಮಾಡಿರಬೇಕು. ನಮ್ಮ ಹತ್ತನೆಯ ತರಗತಿಯ ಹುಡುಗಿಗೆ ಇದರಲ್ಲಿ ತಿಳಿಯದ್ದು ಏನೂ ಇಲ್ಲ. ಅವಳಿಗೆ ಯಾರೂ ಹೇಳಿಕೊಡದಿರುವದೊಂದೇ ಕೊರತೆಯು.

ಕೊನೆಯದಾಗಿ, ತೆಗೆದು ನೋಡದ ಪ್ರತಿಯನ್ನು ಪ್ರತಿಯೆಂದು ಎಣಿಸಬೇಡಿರಿ. ಆರು ತಿಂಗಳಿಗೊಮ್ಮೆ ಬಿಡಿ ಡಿಸ್ಕನ್ನು ತರಿಸಿ, ಯಾವದಾದರೂ ಹತ್ತು ಕಡತಗಳನ್ನು ಆರಿಸಿ ತೆರೆದು ನೋಡಿರಿ. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದವರಿಗೆ ನೀರು ಸಿಕ್ಕದು. ಈ ಸಂಚಿಕೆಯನ್ನು ಓದಿದ ಪಾಲಕರು ಬರುವ ಬೇಸಿಗೆಯ ರಜೆಯಲ್ಲಿ ಒಂದು ದಿನವನ್ನು ಇದಕ್ಕೆಂದು ತೆಗೆದಿಟ್ಟು, ಟ್ರಂಕಿನ ಕಾಗದಗಳನ್ನು ಹೊರಗೆ ತೆಗೆದು, ಮಗಳ ಕೈಯಿಂದಲೇ ಪ್ರತಿ ಮಾಡಿಸಲಿ. ಯಾವ ಕಾಗದ ಯಾವದು, ಅದರಲ್ಲಿರುವ ಹೆಸರು ಯಾರದೆಂದು ಅವಳು ಕೇಳುವಳು. ಹೇಳಬಲ್ಲ ಹಿರಿಯರು ಇರುವಾಗಲೇ ಅದನ್ನೂ ಬರೆಯಿಸಿಕೊಳ್ಳಲಿ.